ವಖಾರಿಯ ಬೆಲ್ಲ ಮತ್ತು ಒಂದು ಕಪ್ಪು ಕನ್ನಡಕ

ಹೋದ ವಾರ ಜಮಖಂಡಿಯ ಕಾಯಿಪಲ್ಲೆ ಬಜಾರದಲ್ಲಿ ನನ್ನ ಮಾನ ಸ್ವಲ್ಪದರಲ್ಲೇ ಉಳಿಯಿತು. ಮುಳ್ಳುಬದನೆಕಾಯಿ ಗುಡ್ಡೆ ಹಾಕಿಕೊಂಡು ಕೂತಿದ್ದ ಹೆಣ್ಣುಮಗಳು ಬೆಲೆ ಹೇಳಿದಳು. ನಾನು ಬಾಯಿಬಿಟ್ಟು ಚೌಕಾಸಿ ಮಾಡಬೇಕಿತ್ತು. ಅದು ಬಿಟ್ಟು, ಕೈಚೀಲವನ್ನು ಆಕೆಯ ಮುಂದೆ ಅಡ್ಡ ಹಿಡಿದು, ಅದರ ಕೆಳಗಿನಿಂದ ಕೈ ಚಾಚಿ ಆಕೆಯ ಎರಡು ಬೆರಳು ಹಿಡಿದುಬಿಟ್ಟೆ.

"ಯಪ್ಪಾ, ಬದನಿಕಾಯಿ ಆ ಕಡೆ ಅದಾವು. ಇದು ನನ್ನ ಕೈ!" ಎಂದು ಆಕೆ ತಕ್ಕಡಿ ಎತ್ತಿದಳು.

ಪಕ್ಕದಲ್ಲಿದ್ದ ನನ್ನ ಹೆಂಡತಿ ಪಾರ್ವತಿ ನಡುವೆ ಬಂದಳು. "ಸಿಟ್ಟಾಗಬ್ಯಾಡ ಯಕ್ಕಾ. ಇವರ ಮನಸ್ಸು ಕೆಟ್ಟಿಲ್ಲ, ಕೈ ಅಷ್ಟ ಕೆಟ್ಟೈತಿ. ಗುರಪ್ಪನ ವಖಾರಿಗೆ ಹೋಗಿ ಹೋಗಿ ಹಿಂಗ ಆಗ್ಯಾರ."

ಗುರಪ್ಪನ ಹೆಸರು ಕೇಳಿದ್ದೇ ಆಕೆ ತಕ್ಕಡಿ ಇಳಿಸಿದಳು. "ಹಂಗಾದ್ರ ಮದಲ ಹೇಳಬಾರದನ್ರಿ" ಎಂದು ಕಾಲು ಕೇಜಿ ಹೆಚ್ಚಿಗೆ ಹಾಕಿದಳು. ನೀವು ನಗುತ್ತಿದ್ದೀರಿ ಎಂದು ಗೊತ್ತು. ನಗಿ. ಆದರೆ ಈ ಕೈಯ ಕತೆ ಪೂರ್ತಿ ಕೇಳಿ ನಗಿ, ಯಾಕೆಂದರೆ ನಗುವುದಕ್ಕೆ ಮುಂದೆ ಇದಕ್ಕಿಂತ ಒಳ್ಳೆಯ ಜಾಗಗಳಿವೆ.

ಗುರಪ್ಪ ಮೊದಲು ಎತ್ತಿನ ದಲ್ಲಾಳಿ. ಮುಧೋಳ, ಲೋಕಾಪುರ, ಬೀಳಗಿ, ಎಲ್ಲಿ ದನದ ಸಂತೆ ಕೂಡಿದರೂ ಹೆಗಲ ಮೇಲೆ ಕೆಂಪು ಅಂಚಿನ ಟವೆಲ್ ಹಾಕಿಕೊಂಡು ಹಾಜರಾಗುತ್ತಿದ್ದ ಮನುಷ್ಯ. ದನದ ವ್ಯಾಪಾರದಲ್ಲಿ ಬೆಲೆಯನ್ನು ಬಾಯಿಂದ ಆಡುವುದಿಲ್ಲ. ದಲ್ಲಾಳಿ ಟವೆಲ್ ಮುಚ್ಚಿ ಕೈ ಚಾಚುತ್ತಾನೆ, ಕೊಳ್ಳುವವನು ಅದರ ಕೆಳಗೆ ಅವನ ಬೆರಳು ಹಿಡಿಯುತ್ತಾನೆ. ಎಷ್ಟು ಬೆರಳು ಹಿಡಿದ ಎನ್ನುವುದರ ಮೇಲೆ ಬೆಲೆ. ಅಂಗೈ ಒಮ್ಮೆ ಒತ್ತಿದರೆ ಒಂದು ಮೆಟ್ಟಿಲು ಏರಿಸಿದಂತೆ. ಬೆರಳು ಬಿಟ್ಟರೆ ಮಾತು ಮುಗಿದಂತೆ. ಸುತ್ತ ನೂರು ಮಂದಿ ನಿಂತಿದ್ದರೂ ಒಬ್ಬನಿಗೂ ಬೆಲೆ ತಿಳಿಯುವುದಿಲ್ಲ.

ಇಂಥ ಗುರಪ್ಪ ಪುಸ್ತಕಕ್ಕೆ ಕೈ ಹಾಕಿದ್ದು ಒಂದು ಜೋಡಿ ಎತ್ತಿನ ದೆಸೆಯಿಂದ. ಜಮಖಂಡಿಯಲ್ಲಿ ಮನೆಯೊಳಗೆ ಮರಾಠಿ, ಹೊರಗೆ ಕನ್ನಡ ಆಡುವ ಒಬ್ಬ ಹಳೇ ಅಧಿಕಾರಿಯ ಮನೆಯವರು ಎತ್ತು, ಗಾಡಿ ಎರಡನ್ನೂ ಮಾರಿಕೊಡು ಎಂದು ಅವನನ್ನು ಕರೆಸಿದರು. ಗಾಡಿಯಲ್ಲಿ ಎರಡು ಟ್ರಂಕು ಇದ್ದವು. ತುಂಬ ಪುಸ್ತಕ. "ಇವೇನ್ರಿ ಬಾಯಾರ?" ಎಂದು ಕೇಳಿದ. ಆ ಮನೆಯ ಮುದುಕಿ, "ಎತ್ತ ಹೋದ ಮ್ಯಾಲ ಇವು ಕಶಾಲಾ, ಯಾಕ ಬೇಕು? ಹೊಡಕೊಂಡ ಹೋಗಪ್ಪಾ" ಎಂದರಂತೆ. ಗುರಪ್ಪ ಅವನ್ನೂ ಹೊಡೆದುಕೊಂಡು ಬಂದ.

ಅವನಿಗೆ ಓದು ಬರಹ ಬರುತ್ತಿರಲಿಲ್ಲ. ಇವತ್ತಿಗೂ ಬರುವುದಿಲ್ಲ. ಆದ್ದರಿಂದ ಅವನು ಪುಸ್ತಕವನ್ನು ತನಗೆ ಗೊತ್ತಿದ್ದ ಒಂದೇ ರೀತಿಯಲ್ಲಿ ನೋಡಿದ, ಎತ್ತನ್ನು ನೋಡುವ ರೀತಿಯಲ್ಲಿ. ಮೊದಲು ಬಾಯಿ ಬಿಡಿಸಿ ಹಲ್ಲು ನೋಡುವುದು, ಅಂದರೆ ಹಾಳೆ ಪೂರ್ತಿ ಇವೆಯೋ ಉದುರಿವೆಯೋ ಎಂದು ನೋಡುವುದು. ಆಮೇಲೆ ಗೊರಸು, ಅಂದರೆ ನಾಲ್ಕು ಮೂಲೆ. ಆಮೇಲೆ ಸುಳಿ, ಅಂದರೆ ಒಳಗೆ ಯಾರ ಯಾರ ಮುದ್ರೆ, ಸಹಿ ಎಲ್ಲೆಲ್ಲಿ ಬಿದ್ದಿವೆ ಎನ್ನುವುದು. ಕಡೆಗೆ ಬೆನ್ನು ತಟ್ಟಿ ಸದ್ದು ಕೇಳುತ್ತಿದ್ದ. ಅಕ್ಷರದ ಗೊಡವೆಯೇ ಇಲ್ಲ.

"ಇದು ಕಟ್ಟಿ ಹಾಕಿ ಮೇಯಿಸಿದ್ದರಿ. ಒಮ್ಮಿನೂ ಹೂಡಿಲ್ಲ" ಎಂದು ಬಂಗಾರದ ಅಕ್ಷರದ ದಪ್ಪ ಗ್ರಂಥವನ್ನು ಬದಿಗಿಡುತ್ತಿದ್ದ. ಬೆವರಿನ ಹೆಬ್ಬೆರಳ ಗುರುತು ಬಿದ್ದ, ರಟ್ಟು ಹರಿದ ಪುಸ್ತಕ ಸಿಕ್ಕರೆ ಮುಖ ಅರಳುತ್ತಿತ್ತು. "ಇದು ದುಡದ ಜೀವ ನೋಡ್ರಿ. ಹೆಗಲ ಮ್ಯಾಲ ನೊಗದ ಗುರ್ತ ಐತಿ." ದೊಡ್ಡ ಊರುಗಳಿಂದ ಹಳೇ ಪುಸ್ತಕ ಹುಡುಕಿಕೊಂಡು ಬರುತ್ತಿದ್ದ ಪ್ರಾಧ್ಯಾಪಕರು ಮೊದಲು ಇದನ್ನು ಕೇಳಿ ಮೀಸೆಯೊಳಗೆ ನಕ್ಕರು. ಆಮೇಲೆ ಗುರಪ್ಪ ಬದಿಗಿಟ್ಟಿದ್ದನ್ನು ಕೊಂಡು ಕೈ ಸುಟ್ಟುಕೊಂಡರು. ಮೂರನೆಯ ಸಲ ಅವರೂ ಪುಸ್ತಕದ ಬೆನ್ನು ತಟ್ಟಿ ಕಿವಿಗೊಟ್ಟು ಕೇಳತೊಡಗಿದರು.

ಹೀಗೆ ಬಜಾರದ ಹಿಂದಿನ ಓಣಿಯಲ್ಲಿ, ಮೊದಲು ಅರಳೆ ತುಂಬುತ್ತಿದ್ದ ಗೋದಾಮು ಪುಸ್ತಕದ ಸವಾಲಿನ, ಅಂದರೆ ಹರಾಜಿನ, ಮನೆಯಾಯಿತು. ಗೋದಾಮಿಗೆ ನಮ್ಮ ಕಡೆ ವಖಾರಿ ಎನ್ನುತ್ತಾರೆ. ಗುರಪ್ಪ ಅದಕ್ಕೆ ಬೋರ್ಡು ಹಾಕಿಸಲಿಲ್ಲ. ಹಾಕಿಸಿದರೆ ಓದುವವರು ಯಾರು ಎಂದು ಅವನ ಪ್ರಶ್ನೆ.

ವಖಾರಿಯ ಕಾನೂನು ಮೂರೇ. ಕೊಂಡವನ ಹೆಸರು ಕೂಗಿ ಹೇಳಬೇಕು. ಕೊಂಡ ಬೆಲೆ ಯಾರಿಗೂ ಹೇಳಬಾರದು. ಮಾರಿದವನ ಹೆಸರು ಸತ್ತರೂ ಹೇಳಬಾರದು. ಈ ಮೂರನೆಯದಕ್ಕೆ ಮುದ್ರೆ ಒತ್ತುವುದು ಬೆಲ್ಲ. ಪುಸ್ತಕ ತಂದವನ ಬಾಯಲ್ಲಿ ಗುರಪ್ಪ ಒಂದು ತುಂಡು ಬೆಲ್ಲ ಇಡುತ್ತಾನೆ, ತಾನೂ ಒಂದು ತುಂಡು ಬಾಯಿಗೆ ಹಾಕಿಕೊಳ್ಳುತ್ತಾನೆ. ಬೆಲ್ಲ ಕರಗುವುದರೊಳಗೆ ಹೆಸರು ಮರೆಯಬೇಕು. ಎರಡೂ ಕಡೆ ಬಾಯಿ ಸಿಹಿ, ಎರಡೂ ಕಡೆ ಬಾಯಿ ಬಂದ್.

ಈ ಕಾನೂನಿನಿಂದ ಆದ ಪವಾಡಗಳು ಒಂದೆರಡಲ್ಲ. ಮುಧೋಳದ ಒಬ್ಬ ವಕೀಲರು ದಪ್ಪನೆಯ ಒಂದು ಪುಸ್ತಕವನ್ನು ಮೂರು ಸಲ ಕೊಂಡರು. ಪ್ರತಿ ಸಲವೂ, "ಅಲ್ಲೋ ಗುರಪ್ಪಾ, ಇಂಥಾದ್ದ ನನ್ನ ಕಪಾಟಿನ್ಯಾಗೂ ಒಂದ ಐತಿ. ಜೋಡಿ ಆತು" ಎಂದು ಹಿಗ್ಗುವರು. ಮನೆಗೆ ಹೋದರೆ ಕಪಾಟಿನಲ್ಲಿ ಜೋಡಿ ಇರುತ್ತಿರಲಿಲ್ಲ. ಧೂಳು ಹೊಡೆದು ಹೊಡೆದು ಬೇಸತ್ತ ಅವರ ಹೆಂಡತಿ, ಅವರು ಕೋರ್ಟಿಗೆ ಹೋದ ಹೊತ್ತಿಗೆ ಅದೇ ಪುಸ್ತಕವನ್ನು ಕುಂಕುಮ ಹಚ್ಚಿ ಕಳಿಸಿದ ಹಾಗೆ ವಖಾರಿಗೆ ಕಳಿಸುತ್ತಿದ್ದರು. ಗುರಪ್ಪನಿಗೆ ಎಲ್ಲ ಗೊತ್ತು. ಆದರೆ ಬಾಯಲ್ಲಿ ಬೆಲ್ಲ. ವಕೀಲರು ನಾಲ್ಕನೆಯ ಸಲ ಕೊಳ್ಳುವ ಮೊದಲೇ ತೀರಿಕೊಂಡರು, ಪಾಪ, ಜೋಡಿಯ ಸುಖದಲ್ಲೇ.

ನಾನು ಅಲ್ಲಿಗೆ ಬಹಳ ವರ್ಷ ಹೋಗಿದ್ದೇನೆ. ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತನಾದವನು, ಹೋಗಲೇಬೇಕಲ್ಲ. ಕೊಂಡಿದ್ದು ಕಡಿಮೆ, ಚಹಾ ಕುಡಿದಿದ್ದು ಜಾಸ್ತಿ. ಆದ್ದರಿಂದಲೇ ಹೋದ ವರ್ಷ ಗುರಪ್ಪನ ಮೊಮ್ಮಗಳು ಸುಜಾತಾ ನನ್ನ ಮನೆಗೆ ಬಂದಳು. ಈಗ ವಖಾರಿಯ ವ್ಯವಹಾರ ನೋಡುವವಳು ಅವಳೇ. ಸವಾಲಿಗೆ ಬಂದ ಪುಸ್ತಕಗಳ ಫೋಟೋ ತೆಗೆದು ವಾಟ್ಸ್ಯಾಪ್ ಗುಂಪಿಗೆ ಹಾಕುತ್ತಾಳೆ. "ಸರ, ನಮ್ಮ ವಖಾರಿದ್ದು ಒಂದು ಇತಿಹಾಸ ಬರದ ಕೊಡ್ರಿ. ಅಜ್ಜಾ ಇರೂದರಾಗ ಅಚ್ಚ ಹಾಕಸೂನು" ಎಂದಳು.

"ಕಾಗದ ಪತ್ರ ಏನಾರ ಅದಾವೇನವಾ?" ಎಂದು ಕೇಳಿದೆ.

"ಏನೂ ಇಲ್ರಿ. ಎಲ್ಲಾ ಅಜ್ಜನ ಬೆರಳಾಗ ಐತಿ."

ಯೋಚಿಸಿ ನೋಡಿ. ಬೆಲೆ ಹೇಳುವಂತಿಲ್ಲ, ಮಾರಿದವರ ಹೆಸರು ಹೇಳುವಂತಿಲ್ಲ, ದಾಖಲೆ ಇಲ್ಲ. ಇಂಥ ಮನೆಯ ಇತಿಹಾಸವನ್ನು ಬರೆಯಲು ನನ್ನಷ್ಟು ಯೋಗ್ಯ ಮನುಷ್ಯ ಇಡೀ ಜಿಲ್ಲೆಯಲ್ಲಿ ಇರಲಿಲ್ಲ. ಯಾಕೆಂದರೆ ಆ ಇತಿಹಾಸದ ಅತ್ಯಂತ ಹೊಲಸು ಪುಟ ನನ್ನದೇ ಆಗಿತ್ತು.

ಇನ್ನು ಹೇಳಿಯೇಬಿಡುತ್ತೇನೆ. ನನ್ನ ಅವ್ವ ನೀಲವ್ವ ಬನಹಟ್ಟಿಯವಳು. ಅವಳ ಅಪ್ಪ, ನನ್ನ ಮುತ್ಯಾ, ಸೀರೆ ನೇಯುವವನು. ಸೀರೆಯ ಅಂಚಿಗೆ ನಮ್ಮ ಕಡೆ ದಡಿ ಎನ್ನುತ್ತಾರೆ. ಮುತ್ಯಾ ತಾನು ಕಟ್ಟಿದ ದಡಿಗಳನ್ನೆಲ್ಲ ಕೆಂಪು ಬಟ್ಟೆಯ ರಟ್ಟಿನ ಒಂದು ವಹಿಯಲ್ಲಿ ಚೌಕ ಚೌಕ ಹಾಕಿ ಬಣ್ಣ ತುಂಬಿ ಬರೆದಿಟ್ಟಿದ್ದ. ಪ್ರತಿಯೊಂದಕ್ಕೂ ಒಂದು ಹೆಸರು. ಹುನ್ನೂರ ಗೌಡತಿಯ ದಡಿ, ಬಾಣಂತಿಯ ದಡಿ, ಸಿಟ್ಟಿನ ಸೊಸೆಯ ದಡಿ. ನಟ್ಟನಡುವೆ ಎದುರುಬದುರು ಎರಡು ಪುಟ. ಎಡಕ್ಕೆ ನೀಲವ್ವನ ದಡಿ, ಬಲಕ್ಕೆ ಅವಳ ತಂಗಿ ಶಾಂತವ್ವನ ದಡಿ. ವಹಿ ಮುಚ್ಚಿದರೆ ಎರಡೂ ದಡಿ ಒಂದರ ಮೇಲೊಂದು ಮಲಗುತ್ತಿದ್ದವು.

ಮುತ್ಯಾ ಹೋದ ಮೇಲೆ ವಹಿ ಹಿರಿಯ ಮಗಳೆಂದು ಅವ್ವನ ಪೆಟ್ಟಿಗೆಗೆ ಬಂತು. ರಬಕವಿಗೆ ಮದುವೆಯಾಗಿ ಹೋಗಿದ್ದ ಶಾಂತಾ ಚಿಗವ್ವ ಬಂದಾಗೆಲ್ಲ ಅದನ್ನು ಬಿಡಿಸಿ ನೋಡುವಳು. ಒಂದು ಸಲ, "ಯಕ್ಕಾ, ಒಂದ ತಿಂಗಳ ಕೊಡಬೇ, ನೋಡಿ ಕೊಡ್ತೇನಿ" ಎಂದಳು. ಅವ್ವ ಕೊಡಲಿಲ್ಲ.

ಆಗ ನಾನು ಕಾಲೇಜಿನ ಮೊದಲ ವರ್ಷದಲ್ಲಿದ್ದೆ. ಗ್ರೂಪ್ ಫೋಟೋ ತೆಗೆಸುವುದಿತ್ತು. ಬಜಾರದ ಅಂಗಡಿಯಲ್ಲಿ ಒಂದು ಕಪ್ಪು ಕನ್ನಡಕ ತೂಗಾಡುತ್ತಿತ್ತು. ಅದನ್ನು ಹಾಕಿಕೊಂಡು ಫೋಟೋದಲ್ಲಿ ನಿಲ್ಲದಿದ್ದರೆ ಹುಟ್ಟಿ ಏನು ಪ್ರಯೋಜನ ಎಂದು ನನಗೆ ಖರೆ ಖರೆ ಅನ್ನಿಸಿತ್ತು. ಪೆಟ್ಟಿಗೆಯಿಂದ ವಹಿ ಎತ್ತಿಕೊಂಡು ಗುರಪ್ಪನ ವಖಾರಿಗೆ ಹೋದೆ. ಅವನು ಹಲ್ಲು ನೋಡಿದ, ಸುಳಿ ನೋಡಿದ, ನನ್ನ ಮುಖ ನೋಡಿದ. "ಇದು ಭಾಳ ದುಡದ ಜೀವ ಐತಿ ತಮ್ಮಾ. ಮನ್ಯಾಗ ಕೇಳಿ ತಂದೀ?"

"ಹೌದ್ರಿ, ಕೇಳಿ ತಂದೇನಿ" ಎಂದೆ. ಬಾಯಲ್ಲಿ ಬೆಲ್ಲ ಬಂತು.

ಬೀಳಗಿ ಕಡೆಯ ಒಬ್ಬ ಸಾಲಿ ಮಾಸ್ತರರು ವಹಿಯನ್ನು ಕೊಂಡರು. ಆ ಚೌಕಗಳನ್ನು ಹುಲಿ ಕುರಿ ಆಟದ ಮನೆಗಳೆಂದು ತಿಳಿದು ಕೊಂಡರೆಂದು ಆಮೇಲೆ ಕೇಳಿದೆ. ಕನ್ನಡಕ ನನ್ನ ಮೂಗಿನ ಮೇಲೆ ಬಂತು. ಎಲ್ಲಿಂದ ಬಂತೋ ಎಂದು ಅವ್ವ ಕೇಳಿದಳು. ಭಾಷಣ ಸ್ಪರ್ಧೆಯ ಬಹುಮಾನ ಎಂದೆ. ಭಾಷಣ ಯಾವುದರ ಮೇಲೆ ಎಂದಳು. ಪ್ರಾಮಾಣಿಕತೆಯ ಮೇಲೆ ಎಂದೆ. ಆ ಹೊತ್ತಿನಲ್ಲಿ ಬೇರೆ ವಿಷಯ ಹೊಳೆಯಲಿಲ್ಲ, ಸುಳ್ಳಾಡುವಾಗ ನನಗೆ ಯಾವತ್ತೂ ಹೀಗೇ.

ಫೋಟೋ ಬಂತು. ಸಾಲುಸಾಲಾಗಿ ನಿಂತ ಹುಡುಗರೆಲ್ಲ ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡಿದ್ದಾರೆ. ನಡುವೆ ನಾನೊಬ್ಬ ಕಪ್ಪು ಕನ್ನಡಕ. ಅವ್ವ ಅದಕ್ಕೆ ಕಟ್ಟು ಹಾಕಿಸಿ ಪಡಸಾಲೆಯಲ್ಲಿ, ಬಂದವರಿಗೆಲ್ಲ ಎದ್ದು ಕಾಣುವಂತೆ ತೂಗುಹಾಕಿದಳು. "ನನ್ನ ಮಗಾ. ಭಾಷಣದಾಗ ಗೆದ್ದ ಕನ್ನಡಕ ಅದು" ಎಂದು ತೋರಿಸುವಳು. ಕದ್ದ ಮಾಲಿನ ಸಾಕ್ಷಿಯನ್ನು ಕಳ್ಳನ ಮನೆಯಲ್ಲೇ ಕಟ್ಟು ಹಾಕಿಸಿ ಇಟ್ಟ ಉದಾಹರಣೆ ಬೇರೆ ಎಲ್ಲೂ ಇರಲಾರದು.

ಆಮೇಲೆ ಪೆಟ್ಟಿಗೆ ತೆರೆದ ದಿನ ಅವ್ವ ಕೂತಲ್ಲೇ ಕೂತಳು. ವಹಿ ಇಲ್ಲ. ಕೇಳಿದ್ದು ಯಾರು? ಶಾಂತಾ. ಬಂದು ಹೋದದ್ದು ಯಾರು? ಶಾಂತಾ. ಅಕ್ಕ ತಂಗಿಯ ನಡುವೆ ಮಾತು ಅಂದಿಗೆ ನಿಂತಿತು.

ಮಾತು ನಿಂತಿತೇ ಹೊರತು ಹೇಳಿಕಳಿಸುವುದು ನಿಲ್ಲಲಿಲ್ಲ. ಅದನ್ನೆಲ್ಲ ಹೊತ್ತವನು ನಾನು. ಜಮಖಂಡಿಯಿಂದ ರಬಕವಿಯ ಬಸ್ಸಿನಲ್ಲಿ ವರ್ಷಕ್ಕೆ ಹತ್ತಾರು ಸಲ. "ಹೇಳ ಅಕೀಗೆ, ಅಪ್ಪನ ವಹಿ ಮ್ಯಾಲ ತಲಿ ಇಟ್ಟ ಮಲಗಿದ್ರ ನಿದ್ದಿ ಬರ್ತೈತೇನ ಅಂತ" ಎಂದು ಅವ್ವ ಹೇಳುವಳು, ಹೇಳುತ್ತಲೇ ಡಬ್ಬಿಯಲ್ಲಿ ಶೇಂಗಾ ಹೋಳಿಗೆ ತುಂಬುವಳು. "ಹೇಳೋ ನಿಮ್ಮವ್ವಗ, ನಾ ಅಪ್ಪನ ಆಣಿ ಮುಟ್ಟಿಲ್ಲಂತ" ಎಂದು ಚಿಗವ್ವ ಕಣ್ಣೊರೆಸಿಕೊಳ್ಳುವಳು, ಒರೆಸಿಕೊಂಡು ಕರ್ಚಿಕಾಯಿ ಕಟ್ಟುವಳು. ದಾರಿಯಲ್ಲಿ ಮಾತುಗಳನ್ನು ಸ್ವಲ್ಪ ಮೆತ್ತಗೆ ಮಾಡುತ್ತಿದ್ದೆ, ಡಬ್ಬಿಗಳನ್ನು ಸ್ವಲ್ಪ ಹಗುರ ಮಾಡುತ್ತಿದ್ದೆ. ನನ್ನ ಅಪರಾಧದ ಮೇಲೆ ನಾನು ಮೈ ಬೆಳೆಸಿದೆ.

ಹೇಳಿಬಿಡಬೇಕು ಎಂದು ಎಷ್ಟೋ ಸಲ ಬಾಯಿ ತೆರೆದಿದ್ದುಂಟು. ಆಗೆಲ್ಲ ನೆನಪಾಗುತ್ತಿದ್ದುದು ಬೆಲ್ಲ. ಬೆಲ್ಲ ತಿಂದವನು ಬಾಯಿ ಬಿಡಬಾರದಲ್ಲ, ವಖಾರಿಯ ಕಾನೂನಲ್ಲವೇ! ಹೇಡಿಗೆ ಇಷ್ಟು ಸಿಹಿಯಾದ ನೆಪ ಸಿಗುವುದು ಅಪರೂಪ. ಕೆಲಸ ಸಿಕ್ಕ ಮೇಲೆ ಒಮ್ಮೆ ಬೀಳಗಿಗೆ ಹೋಗಿ ಆ ಮಾಸ್ತರರನ್ನು ಹುಡುಕಿದೆ. ಅವರ ಊರು ಹೊಳೆಯ ಹಿನ್ನೀರಿನಲ್ಲಿ ಮುಳುಗಿ, ಮಂದಿ ದಿಕ್ಕಿಗೊಬ್ಬರು ಹೋಗಿದ್ದರು. ಬಸ್ ಸ್ಟ್ಯಾಂಡಿನಲ್ಲಿ ಕೂತು ಎರಡು ಮಿರ್ಚಿ ತಿಂದೆ. ಜನರ ಮನೆ ಮಠ ಮುಳುಗಿದ ಜಾಗದ ಹತ್ತಿರ ಕೂತು, ನನ್ನ ಪಾಪವೂ ಮುಳುಗಿತಲ್ಲ ಎಂದು ಒಳಗೊಳಗೇ ಸಮಾಧಾನ ಪಟ್ಟುಕೊಂಡವನು ನಾನು. ಇದನ್ನು ಬರೆಯುವಾಗ ಇವತ್ತಿಗೂ ನಾಚಿಕೆಯಾಗುತ್ತದೆ.

ಈಗ ಮತ್ತೆ ಹೋದ ವರ್ಷಕ್ಕೆ ಬನ್ನಿ. ಇತಿಹಾಸ ಬರೆಯುವ ನೆಪದಲ್ಲಿ ವಖಾರಿಯಲ್ಲಿ ಕೂತಿದ್ದೆ. ಮುಂದಿನ ಸವಾಲಿಗೆ ಬಂದ ಗಂಟೊಂದನ್ನು ಸುಜಾತಾ ಬಿಚ್ಚಿದಳು. ಮೇಲೆಯೇ ಕೆಂಪು ಬಟ್ಟೆಯ ರಟ್ಟು. ನನ್ನ ಕೈಯ ಚಹಾ ಬಟ್ಟಲು ತುಂಬಿದ್ದು ತುಂಬಿದಂತೆಯೇ ನಿಂತಿತು.

"ಯಾರ ತಂದ್ರು ಇದನ್ನ?"

ಮೂಲೆಯಲ್ಲಿ ಕೂತಿದ್ದ ಗುರಪ್ಪ, ತೊಂಬತ್ತರ ಹತ್ತಿರದ ಮುದುಕ, ಬಾಯಿಯೊಳಗಿನ ಬೆಲ್ಲದ ತುಂಡನ್ನು ಈ ಕಡೆಯ ದವಡೆಯಿಂದ ಆ ಕಡೆಗೆ ಸರಿಸಿದ. ಉತ್ತರ ಅಷ್ಟೇ.

ಮನೆಗೆ ಹೋಗುವ ದಾರಿಯಲ್ಲೇ ಯೋಜನೆ ಸಿದ್ಧವಾಯಿತು. ಹೇಗಾದರೂ ವಹಿ ನಾನೇ ಕೊಳ್ಳುವುದು. ಸದ್ದಿಲ್ಲದೆ ಪೆಟ್ಟಿಗೆಯ ತಳಕ್ಕೆ ಹಾಕುವುದು. ಹಬ್ಬಕ್ಕೆ ಪೆಟ್ಟಿಗೆ ಝಾಡಿಸುವಾಗ, "ಯವ್ವಾ, ಇಲ್ಲೇ ಐತಲ್ಲಬೇ!" ಎಂದು ಚೀರುವುದು. ಅಕ್ಕ ತಂಗಿ ಒಂದಾಗುವುದು. ನನಗೆ ಎರಡೂ ಕಡೆ ಹೋಳಿಗೆ.

ಮನೆ ಬಾಗಿಲಲ್ಲೇ ಪಾರ್ವತಿ ಮೊಬೈಲ್ ಹಿಡಿದು ನಿಂತಿದ್ದಳು. "ನೋಡ್ರಿ, ಸುಜಾತಾ ಗುಂಪಿನ್ಯಾಗ ಫೋಟೋ ಹಾಕ್ಯಾಳ. ಅತ್ತಿಯವರಿಗೆ ತೋರಿಸಿದೆ. ಅವರಪ್ಪಂದ ಹೆಸರ ಐತಿ ಮದಲಿನ ಪುಟದಾಗ!" ಎಂದಳು. ಒಳಗೆ ಅವ್ವ ಗೋಡೆ ಹಿಡಿದು ಎದ್ದು ನಿಂತಿದ್ದಳು. ಎಂಬತ್ತೈದು ದಾಟಿದವಳ ಮುಖದಲ್ಲಿ ಅಂಥ ಬಣ್ಣ ನಾನು ನೋಡಿರಲಿಲ್ಲ.

"ಕಡೀಗೂ ಮಾರಿದಳಲ್ಲೋ ಶಾಂತಿ. ತವರಮನಿ ಮಾನಾ ಸಂತ್ಯಾಗ ತಂದ ಇಟ್ಟಳು. ನಾ ಬರ್ತೇನಿ ಸವಾಲಿಗೆ. ನಾಕ ಮಂದ್ಯಾಗ ಕೇಳ್ತೇನಿ."

ನನ್ನ ಯೋಜನೆಗೆ ಬಾಗಿಲಲ್ಲೇ ಬೆಂಕಿ ಬಿತ್ತು.

ಸವಾಲಿನ ದಿನ ವಖಾರಿಯಲ್ಲಿ ಎಂದಿನ ಮಂದಿ ಇದ್ದರು. ಅವ್ವನನ್ನು ಆಟೋದಿಂದ ಇಳಿಸಿ ಒಳಗೆ ಕರೆತಂದಾಗ ನೋಡುತ್ತೇನೆ, ಆ ಬದಿಯ ಚಾಪೆಯ ಮೇಲೆ ಚಿಗವ್ವ ಕೂತಿದ್ದಾಳೆ. ವಾಟ್ಸ್ಯಾಪ್ ಗುಂಪಿಗೆ ಹಾಕಿದ ವಹಿಯ ಫೋಟೋ ರಬಕವಿಗೂ ಹೋಗಿತ್ತು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಇಬ್ಬರೂ ತಲೆಯ ಮೇಲಿನ ಸೆರಗನ್ನು ಒಂದೇ ರೀತಿಯಲ್ಲಿ, ಒಂದೇ ಸಿಟ್ಟಿನಲ್ಲಿ ಸರಿಮಾಡಿಕೊಂಡು ಮುಖ ತಿರುಗಿಸಿದರು.

ಗುರಪ್ಪ ವಹಿಯನ್ನು ಎತ್ತಿ ಹಿಡಿದ. "ಇದು ಎರಡನೇ ಸಲ ನನ್ನ ಕೈಗೆ ಬಂದೈತಿ. ಹಲ್ಲ ಎಲ್ಲಾ ಗಟ್ಟಿ ಅದಾವು. ಇದರಂಥಾ ದುಡದ ಜೀವ ನಾ ಕಂಡಿಲ್ಲ" ಎಂದು ಟವೆಲ್ ಕೊಡವಿ ಹೊರಟ. ಮೊದಲು ಅವ್ವನ ಹತ್ತಿರ, ಆಮೇಲೆ ಚಿಗವ್ವನ ಹತ್ತಿರ, ಆಮೇಲೆ ಇನ್ನಿಬ್ಬರು ಮೂವರ ಹತ್ತಿರ. ಕೊನೆಗೆ ನನ್ನ ಮುಂದೆ ನಿಂತ.

ಟವೆಲ್ಲಿನ ಕೆಳಗೆ ಅವನ ಬೆರಳು ಹಿಡಿದೆ. ಹಿಡಿದು ಬಿಟ್ಟರೆ ಮುಗಿಯಿತು. ಆದರೆ ಬೆರಳು ಬಿಡುವುದಕ್ಕೆ ನನ್ನ ಕೈ ಒಪ್ಪಲಿಲ್ಲ. ಒಂದು ಕಡೆ ಅವ್ವ, ಒಂದು ಕಡೆ ಚಿಗವ್ವ, ಎದುರಿಗೆ ನನ್ನ ಗುಟ್ಟು ಬಲ್ಲ ಒಬ್ಬನೇ ಮನುಷ್ಯ. ಕೈ ಗಡಗಡ ನಡುಗಿತು. ಒಂದು ನಡುಕಕ್ಕೆ ಅಂಗೈ ಒಮ್ಮೆ ಒತ್ತಿತು. ಬೆಲೆ ಒಂದು ಮೆಟ್ಟಿಲು ಏರಿತು. ಇನ್ನೊಂದು ನಡುಕ, ಇನ್ನೊಂದು ಮೆಟ್ಟಿಲು. ಏರುತ್ತಿದೆ ಎಂದು ತಿಳಿದು ಇನ್ನೂ ಹೆಚ್ಚು ನಡುಗಿತು. ಪ್ರಪಂಚದಲ್ಲಿ ತನ್ನ ವಿರುದ್ಧ ತಾನೇ ಸವಾಲು ಕೂಗಿ, ತನ್ನನ್ನೇ ಸೋಲಿಸಿ, ಮತ್ತೆ ತನ್ನ ಮೇಲೆ ಏರಿಸಿದವನು ನಾನೊಬ್ಬನೇ ಇರಬೇಕು. ಕೊನೆಗೆ ಗುರಪ್ಪನಿಗೇ ಕರುಣೆ ಬಂದು ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿಕೊಂಡ. ಬೆಲೆ ಎಷ್ಟಾಯಿತು ಎಂದು ನಿಮಗೆ ಹೇಳುವಂತಿಲ್ಲ, ಅದು ಕಾನೂನು. ಪಾರ್ವತಿಗೂ ಹೇಳಿಲ್ಲ, ಅದು ಜೀವದ ಆಸೆ.

"ವಹಿ ಮಾಸ್ತರಗ ಆತು!" ಎಂದು ಗುರಪ್ಪ ಕೂಗಿದ.

ಅವ್ವ ಚಪ್ಪಾಳೆ ಹೊಡೆದಳು. ನಾಲ್ಕು ಮಂದಿಯ ಮುಂದೆ ಎದ್ದು ನಿಂತು, ಕೋಲು ಎತ್ತಿ ನನ್ನ ಕಡೆ ತೋರಿಸಿದಳು. "ನೋಡ್ರೆಪಾ, ನನ್ನ ಮಗಾ! ಮಾರೂ ಕಳ್ಳರು ಮಾರಿದರು, ನನ್ನ ಮಗಾ ತಿರುಗಿ ತಂದಾ. ಯಾರ ಹೊಟ್ಟೀಲೆ ಎಂಥಾವರು ಹುಟ್ಟತಾರ ನೋಡ್ರಿ!"

ಚಿಗವ್ವ ನೆಲಕ್ಕೆ ಕೈಯೂರಿ ಎದ್ದಳು. ಸೆರಗಿನ ತುದಿಯ ಗಂಟು ಬಿಚ್ಚಿಹೋಗಿತ್ತು, ಅದನ್ನು ಮತ್ತೆ ಕಟ್ಟಿಕೊಂಡಳು. ಆಮೇಲೆ ನನ್ನ ಹತ್ತಿರ ಬಂದು ನನ್ನ ಗಲ್ಲ ಮುಟ್ಟಿ, "ಛಲೋ ಮಾಡಿದಿ ಮಗನ. ಅಪ್ಪಂದು ಮನೀಗೆ ಬಂತಲ್ಲ, ಸಾಕು" ಎಂದು ಬಾಗಿಲ ಕಡೆಗೆ ನಡೆದಳು. ಕಣ್ಣು ತುಂಬಿದ್ದವು. ಆ ಕೈ ನನ್ನ ಗಲ್ಲಕ್ಕೆ ತಾಗಿದ್ದು ಹೊಡೆದಿದ್ದಕ್ಕಿಂತ ಹೆಚ್ಚು ಉರಿಯಿತು. ಅಷ್ಟು ವರ್ಷ ಅವಳು ಕಟ್ಟಿಕೊಟ್ಟ ಕರ್ಚಿಕಾಯಿಗಳೆಲ್ಲ ಗಂಟಲಲ್ಲಿ ಒಮ್ಮೆಗೇ ಬಂದು ನಿಂತವು.

"ಚಿಗವ್ವಾ, ನಿಂದರ" ಎಂದೆ. ದನಿ ನನ್ನದೇ ಎಂದು ನನಗೇ ಗುರುತು ಸಿಗಲಿಲ್ಲ. "ಮದಲನೇ ಸಲ ಅದನ್ನ ಮಾರಿದಾಂವ ನಾನು. ಕಪ್ಪ ಕನ್ನಡಕದ ಸಲುವಾಗಿ."

ಮೊದಲು ಬಾಯಿ ಬಿಟ್ಟವನು ಗುರಪ್ಪ. ಅವನು ಕೆಂಡವಾಗಿದ್ದ, ಕದ್ದಿದ್ದಕ್ಕಲ್ಲ. "ಥೂ ಮಾಸ್ತರ! ಇಷ್ಟ ವರ್ಷದಾಗ ಬೆಲ್ಲ ತಿಂದ ಬಾಯಿ ಬಿಟ್ಟಾಂವ ನೀ ಒಬ್ಬನ ನೋಡ. ನನ್ನ ವಖಾರಿ ಮಾನಾ ಕಳದಿ! ಇತಿಹಾಸ ಬರ್ಯಾಂವ ಇವನ? ಕರದ ತಂದಾಕಿ ಯಾವಾಕಿ?" ಎಂದು ಸುಜಾತಾಳನ್ನು ಹುಡುಕಿ ಬೈಯತೊಡಗಿದ.

ಅವ್ವ ನನ್ನನ್ನೇ ನೋಡುತ್ತಿದ್ದಳು. "ಭಾಷಣದ ಬಹುಮಾನ ಅಂದಿದ್ದಿ" ಎಂದಳು.

"ಸುಳ್ಳ ಹೇಳಿದ್ದೆ ಯವ್ವಾ."

"ಯಾವುದರ ಮ್ಯಾಲ ಅಂದಿದ್ದಿ?"

"ಪ್ರಾಮಾಣಿಕತೆ ಮ್ಯಾಲ."

ಬಾಗಿಲಲ್ಲಿ ನಿಂತಿದ್ದ ಚಿಗವ್ವನಿಗೆ ಅಳುವೋ ನಗುವೋ ತಿಳಿಯದ ಒಂದು ಸದ್ದು ಬಂತು. ಅವಳು ತಿರುಗಿ ಬಂದಳು. ಇಷ್ಟು ವರ್ಷದ ಮೇಲೆ ತನ್ನ ಅಕ್ಕನಿಗೆ ಅವಳು ಆಡಿದ ಮೊದಲ ಮಾತು ಇದು: "ಎಂಥಾವನ್ನ ಹಡದೀಬೇ ಯಕ್ಕಾ!"

"ನಾ ಹಡದಿದ್ದ ಅಷ್ಟ. ಕರ್ಚಿಕಾಯಿ ತಿನ್ನಿಸಿ ಕೆಡಿಸಿದಾಕಿ ನೀನು" ಎಂದು ಅವ್ವ ತಿರುಗಿ ಕೊಟ್ಟಳು. ಕೊಟ್ಟವಳ ದನಿ ಅರ್ಧಕ್ಕೇ ಮುರಿಯಿತು. "ಶಾಂತಿ, ನಾ ನಿನಗ ಏನೇನ ಅಂದೆ..."

ನಾನು ವಹಿಯನ್ನು ಚಿಗವ್ವನ ಕೈಗೆ ಕೊಟ್ಟೆ. ಅವಳು ಅದನ್ನು ಬಿಡಿಸಿಯೂ ನೋಡದೆ ಅವ್ವನ ಮಡಿಲಿಗೆ ಇಟ್ಟಳು. "ನನಗ ವಹಿ ಯಾಕ ಬೇಕಿತ್ತು? ಶಾಂತಿ ತಗೊಂಡಿಲ್ಲಂತ ನಿನ್ನ ಬಾಯಾಗ ಬರಬೇಕಿತ್ತು, ಅಷ್ಟ" ಎಂದಳು.

"ಅದಕ್ಕ ಬೆಲಿ ಏನ ಕೊಡ್ಲಿ ಹೇಳ" ಎಂದು ಅವ್ವ ಕೇಳಿದಳು.

ಆಗ ನಡೆದಿದ್ದನ್ನು ವಖಾರಿಯ ಇತಿಹಾಸದಲ್ಲಿ ಯಾರೂ ಕಂಡಿರಲಿಲ್ಲ. ಚಿಗವ್ವ ಅವ್ವನ ಪಕ್ಕದಲ್ಲಿ ಕೂತು, ತನ್ನ ಸೆರಗನ್ನು ಇಬ್ಬರ ಕೈಯ ಮೇಲೆ ಹೊದಿಸಿ, ಅದರ ಕೆಳಗೆ ಅಕ್ಕನ ಬೆರಳು ಹಿಡಿದಳು. ಹಿಡಿದುಕೊಂಡು ಕಿವಿಯಲ್ಲಿ ಏನೋ ಹೇಳಿದಳು. ಅವ್ವ ಹೌಹಾರಿದಳು. ಆಗುವುದಿಲ್ಲ ಎಂದು ತಲೆ ಅಲ್ಲಾಡಿಸಿದಳು. ಸೆರಗಿನ ಕೆಳಗೆ ಒಂದು ಸಲ ಒತ್ತಿದ್ದು ಕಂಡಿತು, ಇನ್ನೊಂದು ಸಲ ಒತ್ತಿದ್ದೂ ಕಂಡಿತು. ಕೊನೆಗೆ ಅವ್ವ ನನ್ನ ಕಡೆ ಒಂದು ಸಲ ನೋಡಿ, "ಆತು" ಎಂದಳು. ಗುರಪ್ಪ ಸಿಟ್ಟು ಮರೆತು ಓಡಿಬಂದು ಇಬ್ಬರ ಬಾಯಲ್ಲೂ ಬೆಲ್ಲ ಇಟ್ಟ.

ಬೆಲೆ ಏನೆಂದು ನಾನು ಎರಡು ದಿನ ಗೋಗರೆದೆ. ಅವ್ವ ದವಡೆ ಮುಟ್ಟಿ ತೋರಿಸಿದಳು, ಬೆಲ್ಲ ತಿಂದಿದ್ದೇನೆ ಎನ್ನುವಂತೆ. ಮೂರನೆಯ ದಿನ ಪಡಸಾಲೆಗೆ ಬಂದರೆ ಗೋಡೆಯ ಮೇಲೆ ಒಂದು ಬಿಳಿಯ ಚೌಕ ಕಂಡಿತು. ಸುತ್ತ ಹೊಗೆ ಹಿಡಿದ ಸುಣ್ಣ, ನಡುವೆ ಮಾತ್ರ ಹೊಸದರ ಹಾಗೆ ಬಿಳಿ. ಗ್ರೂಪ್ ಫೋಟೋ ಇದ್ದ ಜಾಗ ಅದು. ಅವ್ವ ಅದರ ಕೆಳಗೆ ಕೂತು, ವಹಿ ಬಿಡಿಸಿಕೊಂಡು, ಎಡದ ಪುಟದ ಮೇಲೆ ಒಂದು ಕೈ, ಬಲದ ಪುಟದ ಮೇಲೆ ಒಂದು ಕೈ ಇಟ್ಟುಕೊಂಡಿದ್ದಳು. ಅಳುತ್ತಿರಲಿಲ್ಲ. ಆದರೂ ನಾನು ಏನೂ ಕೇಳದೆ ಹಿಂದಕ್ಕೆ ಬಂದೆ.

ಇತಿಹಾಸ ಬರೆಯುವ ಕೆಲಸ ನನ್ನ ಕೈ ತಪ್ಪಿತು. ಡಬ್ಬಿ ಹೊರುವ ಕೆಲಸ ತಪ್ಪಲಿಲ್ಲ. ಈಗ ಅಕ್ಕ ತಂಗಿ ದಿನಾ ಫೋನಿನಲ್ಲಿ ಮಾತಾಡಿ, ಡಬ್ಬಿಯಲ್ಲಿ ಎಷ್ಟು ಹೋಳಿಗೆ ಇದೆ ಎಂದು ಮೊದಲೇ ಎಣಿಸಿ ಹೇಳಿಕೊಂಡಿರುತ್ತಾರೆ. ದಾರಿಯಲ್ಲಿ ಹಗುರ ಮಾಡುವ ದಾರಿಯೇ ಬಂದ್ ಆಗಿದೆ.

ಮೊನ್ನೆ ಹಾಗೆಯೇ ಡಬ್ಬಿ ಹಿಡಿದು ರಬಕವಿಗೆ ಹೋದೆ. ಚಿಗವ್ವ ನಮ್ಮ ಕಡೆಯ ರೂಢಿಯಂತೆ ನೀರಿನ ತಂಬಿಗೆ ಕೊಟ್ಟು, ಬಾಯಲ್ಲಿ ತಾನೇ ಒಂದು ದೊಡ್ಡ ತುಂಡು ಬೆಲ್ಲ ಇಟ್ಟಳು. ಅವಳ ಪಡಸಾಲೆಯಲ್ಲಿ ಸೀರೆ ಕೊಳ್ಳಲು ಬಂದ ಯಾರೋ ಹೊಸಬರು ಕೂತಿದ್ದರು. ಅವರ ಎದುರಿನ ಗೋಡೆಯ ಮೇಲೆ, ಬಂದವರಿಗೆಲ್ಲ ಎದ್ದು ಕಾಣುವಂತೆ, ನಮ್ಮ ಮನೆಯ ಗ್ರೂಪ್ ಫೋಟೋ ತೂಗುತ್ತಿತ್ತು.

"ಈ ನಡುವಿನ ಕಪ್ಪ ಕನ್ನಡಕದಾಂವ ಯಾರ್ರಿ ಯವ್ವಾ?" ಎಂದು ಅವರು ಕೇಳಿದರು.

ಚಿಗವ್ವ ನನ್ನ ಕಡೆ ತಿರುಗಿ ಸಹ ನೋಡಲಿಲ್ಲ. ಸೀರೆ ಮಡಚುತ್ತಲೇ ಹೇಳಿದಳು. "ಅದು ಯಾರೂ ಅಲ್ಲರಿ. ಅದು ನಮ್ಮಪ್ಪನ ದಡಿ ವಹಿ."

ನಾನು ಏನೋ ಹೇಳಲು ಹೋದೆ. ಬಾಯಲ್ಲಿ ಬೆಲ್ಲ ಇನ್ನೂ ಕರಗಿರಲಿಲ್ಲ.